ಕೀಬೋರ್ಡಿಗೆ ಪೆಡಲ್ ಕೊಳ್ಳುವ ಮುಂಚೆ ಅದರ ಬೆನ್ನು ನೋಡಿ

(ಮಡಿಕೇರಿಯಲ್ಲಿ ಕೀಬೋರ್ಡ್ ಕಲಿಯುವವರು ಮತ್ತು ನುಡಿಸುವವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ನಡುನಡುವೆ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೀಬೋರ್ಡ್ ಕೊಳ್ಳುವಾಗ ನಾವು ಎಲ್ಲವನ್ನೂ ವಿಚಾರಿಸುತ್ತೇವೆ. ಎಷ್ಟು ಕೀ, ಎಷ್ಟು ಟೋನ್, ತಬಲಾ ಇದೆಯಾ, ತಂಬೂರಿ ಇದೆಯಾ, ಮೊಬೈಲಿಗೆ ಜೋಡಿಸಬಹುದಾ. ಕಾಲಿನಿಂದ ಒತ್ತುವ ಪೆಡಲ್ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಆರು ತಿಂಗಳಾದ ಮೇಲೆ ಟೀಚರ್ ‘ಇನ್ನು ಒಂದು ಪೆಡಲ್ ತಗೊಳ್ಳಿ’ ಅಂದಾಗ, ಕಡಿಮೆ ಬೆಲೆಯದ್ದು ಯಾವುದೋ ಒಂದನ್ನು ಆನ್‌ಲೈನಲ್ಲಿ ತರಿಸಿಬಿಡುತ್ತೇವೆ. ಬಂದ ಮೇಲೆ ಅದು ಉಲ್ಟಾ ಕೆಲಸ ಮಾಡುತ್ತದೆ, ಇಲ್ಲವೇ ಏನೂ ಮಾಡುವುದಿಲ್ಲ, ಇಲ್ಲವೇ ಒತ್ತಿದಾಗಲೆಲ್ಲ ನೆಲದ ಮೇಲೆ ಜಾರಿಕೊಂಡು ಗೋಡೆಯವರೆಗೆ ಹೋಗುತ್ತದೆ.

ಬೆಂಗಳೂರಿನಲ್ಲಿದ್ದರೆ ಮತ್ತೆ ಅಂಗಡಿಗೆ ಹೋಗಿ ಬದಲಾಯಿಸಬಹುದು. ನಮಗೆ ಹಾಗಲ್ಲ. ಒಳ್ಳೆಯ ಸಂಗೀತದ ಅಂಗಡಿ ನೋಡಬೇಕು ಅಂದರೆ ಮೈಸೂರಿಗೆ ಇಳಿಯಬೇಕು, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಒಂದು ಪೆಡಲ್ ಬದಲಾಯಿಸಲಿಕ್ಕೆ ಒಂದು ದಿನ, ಬಸ್ ಚಾರ್ಜು, ಊಟದ ಖರ್ಚು. ತೋಟದೊಳಗೆ ಮನೆ ಇರುವವರಿಗೆ ಪಾರ್ಸೆಲ್ ವಾಪಸ್ ಕಳಿಸುವುದೂ ಸುಲಭ ಇಲ್ಲ, ಕೊರಿಯರ್‌ನವರು ಮನೆ ಬಾಗಿಲಿಗೆ ಬರುವುದೇ ಅಪರೂಪ. ಆದ್ದರಿಂದ ನಾವು ಮನೆಯಲ್ಲೇ ಕೂತು ಸರಿಯಾಗಿ ತೀರ್ಮಾನ ಮಾಡಿ ಆಮೇಲೆ ದುಡ್ಡು ಕೊಡಬೇಕು. ಅದು ಸಾಧ್ಯ ಇದೆ. ಅದು ಹೇಗೆ ಅನ್ನುವುದೇ ಇವತ್ತಿನ ಮಾತು.

ನಾನು ಹೇಳುವುದು ಇಷ್ಟೇ. ಪೆಡಲ್ ಆರಿಸುವ ಕೆಲಸ ಪೆಡಲಿನಿಂದ ಶುರುವಾಗಬಾರದು. ಕೀಬೋರ್ಡಿನ ಹಿಂದುಗಡೆಯಿಂದ ಶುರುವಾಗಬೇಕು. ನಿಮ್ಮ ಕೀಬೋರ್ಡಿಗೆ ಕಾಲಿನಿಂದ ಏನು ಕೇಳಿಸಿಕೊಳ್ಳುವ ಶಕ್ತಿ ಇದೆಯೋ ಅಷ್ಟನ್ನೇ ಪೆಡಲ್ ಹೇಳಬಲ್ಲದು. ಸಾವಿರಾರು ರೂಪಾಯಿಯ ಪೆಡಲ್ ತಂದರೂ ಅಷ್ಟೇ.

ಮನೆಗೆ ಹೋದ ಮೇಲೆ ಕೀಬೋರ್ಡನ್ನು ತಿರುಗಿಸಿ ಬೆನ್ನು ನೋಡಿ. ಅಲ್ಲಿ ಸಾಲಾಗಿ ತೂತುಗಳಿರುತ್ತವೆ. ಅಡಾಪ್ಟರಿಗೆ ಒಂದು, ಹೆಡ್‌ಫೋನಿಗೆ ಒಂದು, ಹೊಸದಾದರೆ ಯುಎಸ್‌ಬಿ. ಇವುಗಳ ಪಕ್ಕದಲ್ಲಿ ಪೆಡಲಿನ ಜ್ಯಾಕ್ ಇರುತ್ತದೆ. ಯಮಹಾದಲ್ಲಿ ಅದರ ಮೇಲೆ ‘ಸಸ್ಟೇನ್’ ಅಂತ ಇಂಗ್ಲಿಷಿನಲ್ಲಿ ಬರೆದಿರಬಹುದು, ಕ್ಯಾಸಿಯೊದಲ್ಲಿ ‘ಪೆಡಲ್’ ಅಂತ, ರೋಲ್ಯಾಂಡಿನಲ್ಲಿ ‘ಡ್ಯಾಂಪರ್’ ಅಥವಾ ‘ಹೋಲ್ಡ್’ ಅಂತ. ಹೆಸರು ಬೇರೆ ಬೇರೆ, ಕೆಲಸ ಒಂದೇ, ಕೀಯಿಂದ ಕೈ ತೆಗೆದ ಮೇಲೂ ನಾದ ನಿಲ್ಲದೆ ಎಳೆಯುವಂತೆ ಮಾಡುವುದು. ತೀರಾ ಚಿಕ್ಕ, ಮಕ್ಕಳ ಆಟಕ್ಕೆ ಅಂತ ಮಾಡಿದ ಕೀಬೋರ್ಡುಗಳಲ್ಲಿ ಈ ಜ್ಯಾಕ್ ಇರುವುದೇ ಇಲ್ಲ. ಇಲ್ಲ ಅಂದರೆ ಇಲ್ಲ, ಯಾವ ಪೆಡಲನ್ನೂ ಅದಕ್ಕೆ ಹಾಕಲಾಗದು. ಆ ದುಡ್ಡನ್ನು ಮುಂದಿನ ಕೀಬೋರ್ಡಿಗೆ ಕೂಡಿಡುವುದು ಒಳ್ಳೆಯದು.

ದೊಡ್ಡ ಕೀಬೋರ್ಡುಗಳಲ್ಲಿ, ಅಂದರೆ ಆರ್ಕೆಸ್ಟ್ರಾದವರು ಇಟ್ಟುಕೊಳ್ಳುವಂಥವುಗಳಲ್ಲಿ, ಎರಡು ಅಥವಾ ಜಾಸ್ತಿ ಪೆಡಲ್ ಜ್ಯಾಕುಗಳಿರುತ್ತವೆ. ಕೆಲವು ಬರೀ ಆನ್-ಆಫ್ ಸ್ವಿಚ್ಚನ್ನು ಮಾತ್ರ ಓದುತ್ತವೆ. ಕೆಲವು ಕಾಲನ್ನು ಎಷ್ಟು ಒತ್ತಿದ್ದೀರಿ ಅನ್ನುವುದನ್ನೂ ಓದುತ್ತವೆ. ಈ ವ್ಯತ್ಯಾಸ ಹೊರಗಿನಿಂದ ಕಾಣುವುದಿಲ್ಲ, ತೂತು ಒಂದೇ ಥರ ಇರುತ್ತದೆ. ಅದಕ್ಕೆ ಕೀಬೋರ್ಡಿನ ಮಾಡೆಲ್ ನಂಬರ್ ಬರೆದುಕೊಂಡು, ಕಂಪನಿಯ ಮ್ಯಾನ್ಯುಯಲನ್ನು ಮೊಬೈಲಿಗೆ ಇಳಿಸಿಕೊಂಡು, ಕೊನೆಯ ಪುಟಗಳಲ್ಲಿರುವ ಪಟ್ಟಿ ನೋಡಿ. ಅಲ್ಲಿ ಯಾವ ಪೆಡಲ್ ಹೊಂದುತ್ತದೆ ಅಂತ ಹೆಸರು ಹಾಕಿರುತ್ತಾರೆ. ‘ಹಾಫ್ ಪೆಡಲ್’ ಅಥವಾ ‘ಹಾಫ್ ಡ್ಯಾಂಪರ್’ ಅನ್ನುವ ಮಾತು ಇದೆಯಾ ಹುಡುಕಿ, ಇದ್ದರೆ ಎಷ್ಟು ಒತ್ತಿದ್ದೀರಿ ಅನ್ನುವುದನ್ನೂ ಓದುತ್ತದೆ ಅಂತ ಅರ್ಥ. ಈ ಹತ್ತು ನಿಮಿಷದ ಓದು ಒಂದು ಮೈಸೂರು ಟ್ರಿಪ್ಪನ್ನು ಉಳಿಸುತ್ತದೆ. ಅಂಗಡಿಗೇ ಹೋಗುವುದಾದರೆ ಬೆನ್ನಿನ ಭಾಗದ ಫೋಟೋ ಹೊಡೆದುಕೊಂಡು ಹೋಗಿ, ಆಗುವುದಾದರೆ ಕೀಬೋರ್ಡನ್ನೇ ಹೊತ್ತುಕೊಂಡು ಹೋಗಿ.

ಈಗ ಪಿನ್ನಿಗೆ ಬರೋಣ. ಪೆಡಲಿನ ವಯರಿನ ತುದಿಯಲ್ಲಿ ಇರುವುದು ಹೆಚ್ಚಾಗಿ ಕಾಲಿಂಚಿನ ಪಿನ್, 6.35 ಮಿಲಿಮೀಟರಿನದು. ಗಿಟಾರಿಗೆ, ಮೈಕಿಗೆ ಹಾಕುತ್ತಾರಲ್ಲ, ಅದೇ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪಿ-38 ಅಂದರೆ ಅರ್ಥವಾಗುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಿ. ಲೋಹದ ಕಡ್ಡಿಯ ಮೇಲೆ ಕಪ್ಪು ಗೆರೆ ಒಂದೇ ಇದ್ದರೆ ಅದು ಮೋನೋ, ಎರಡು ಇದ್ದರೆ ಸ್ಟೀರಿಯೋ. ಒಂದು ಗೆರೆಯ ಪಿನ್ ಅಂದರೆ ಒಳಗೆ ಇರುವುದು ಎರಡೇ ತಂತಿ, ಆ ಪೆಡಲ್ ಬರೀ ಸ್ವಿಚ್. ಬೆಲ್ ಸ್ವಿಚ್ಚಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಎರಡು ಗೆರೆಯ ಪಿನ್ ಅಂದರೆ ಮೂರು ತಂತಿ. ಅದು ಹಾಫ್ ಪೆಡಲ್ ಇರಬಹುದು, ಸದ್ದನ್ನು ಏರಿಸಿ ಇಳಿಸುವ ಎಕ್ಸ್‌ಪ್ರೆಷನ್ ಪೆಡಲ್ ಇರಬಹುದು, ಎರಡು ಸ್ವಿಚ್ ಇರುವ ಪೆಡಲ್ ಕೂಡ ಇರಬಹುದು. ಆನ್‌ಲೈನಲ್ಲಿ ಕೊಳ್ಳುವಾಗ ಫೋಟೋ ದೊಡ್ಡದು ಮಾಡಿ ಈ ಗೆರೆಗಳನ್ನು ಎಣಿಸಿ. ಮಾರುವವರು ಏನೇ ಬರೆದಿರಲಿ, ಪಿನ್ ಸುಳ್ಳು ಹೇಳುವುದಿಲ್ಲ.

ಇನ್ನು ಉಲ್ಟಾ ಕೆಲಸ ಮಾಡುವ ವಿಷಯ. ಇದು ಎಲ್ಲರಿಗೂ ತಲೆನೋವು ಕೊಡುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ವಿಚ್ ಪೆಡಲಿನಲ್ಲಿ ಎರಡು ಜಾತಿ. ಒಂದರಲ್ಲಿ ಕಾಲು ಇಡದೆ ಇದ್ದಾಗ ಎರಡು ತಂತಿ ಸೇರಿಕೊಂಡಿರುತ್ತವೆ, ಒತ್ತಿದಾಗ ಬಿಡಿಸಿಕೊಳ್ಳುತ್ತವೆ. ಇನ್ನೊಂದರಲ್ಲಿ ಕಾಲು ಇಡದೆ ಇದ್ದಾಗ ಬಿಡಿಯಾಗಿರುತ್ತವೆ, ಒತ್ತಿದಾಗ ಸೇರುತ್ತವೆ. ಯಮಹಾದ ಎಫ್‌ಸಿ-4, ಎಫ್‌ಸಿ-5 ಮೊದಲ ಜಾತಿಯವು. ಎಲ್ಲ ಕಂಪನಿಗಳೂ ಕೂತು ಒಂದೇ ರೀತಿ ಇಟ್ಟುಕೊಳ್ಳೋಣ ಅಂತ ತೀರ್ಮಾನ ಮಾಡಲೇ ಇಲ್ಲ. ಒಂದು ಜಾತಿಯ ಪೆಡಲನ್ನು ಇನ್ನೊಂದು ಜಾತಿ ಬೇಡುವ ಕೀಬೋರ್ಡಿಗೆ ಹಾಕಿದರೆ ಕಾಲು ತೆಗೆದಾಗ ನಾದ ಎಳೆಯುತ್ತದೆ, ಒತ್ತಿದಾಗ ನಿಲ್ಲುತ್ತದೆ. ಪೆಡಲ್ ಕೆಟ್ಟಿಲ್ಲ, ಕೀಬೋರ್ಡೂ ಕೆಟ್ಟಿಲ್ಲ.

ಇದಕ್ಕೆ ಮೂರು ದಾರಿ ಇದೆ. ಕೀಬೋರ್ಡ್ ಕಂಪನಿಯದೇ ಪೆಡಲ್ ಕೊಂಡರೆ ತಕರಾರೇ ಇಲ್ಲ. ಬೇರೆ ಕಂಪನಿಯದಾದರೆ ತಳದಲ್ಲಿ ಪೋಲಾರಿಟಿ ಸ್ವಿಚ್ ಇರುವುದನ್ನು ನೋಡಿ ತಗೊಳ್ಳಿ. ಎಂ-ಆಡಿಯೋದ ಎಸ್‌ಪಿ-2 ಅಂಥದ್ದು, ಚಿಕ್ಕ ಗುಂಡಿ ಆ ಕಡೆ ತಳ್ಳಿದರೆ ಒಂದು ಜಾತಿ, ಈ ಕಡೆ ತಳ್ಳಿದರೆ ಇನ್ನೊಂದು. ಯಾವ ಊರಿನ ಯಾವ ಕೀಬೋರ್ಡಿಗೆ ಕೂರಬೇಕಾಗುತ್ತದೋ ಗೊತ್ತಿಲ್ಲದ ಆರ್ಕೆಸ್ಟ್ರಾದವರಿಗೆ ನಾನು ಇದನ್ನೇ ಹೇಳುವುದು. ಮೂರನೆಯದು, ಈಗಿನ ಹೆಚ್ಚಿನ ಕೀಬೋರ್ಡುಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಯಾವ ಸ್ಥಿತಿಯಲ್ಲಿದೆ ಅಂತ ಒಮ್ಮೆ ನೋಡಿಕೊಂಡು, ‘ಇದು ಕಾಲು ಇಡದ ಸ್ಥಿತಿ’ ಅಂತ ಇಟ್ಟುಕೊಳ್ಳುತ್ತವೆ. ಆದ್ದರಿಂದ ಮೊದಲು ಪಿನ್ ಹಾಕಿ, ಆಮೇಲೆ ಕೀಬೋರ್ಡ್ ಆನ್ ಮಾಡಿ, ಆನ್ ಆಗುವಾಗ ಕಾಲು ಪೆಡಲಿನ ಮೇಲೆ ಇರಬಾರದು. ಯಮಹಾದ ಮ್ಯಾನ್ಯುಯಲುಗಳಲ್ಲಿ ಇದನ್ನು ಎಚ್ಚರಿಕೆ ಅಂತಲೇ ಬರೆದಿರುತ್ತಾರೆ.

ಈ ಸಣ್ಣ ವಿಷಯ ಕೊಡಗಿನಲ್ಲಿ ದೊಡ್ಡದಾಗುತ್ತದೆ. ಯಾಕೆ ಗೊತ್ತಾ? ಕರೆಂಟ್. ಜೂನ್‌ನಿಂದ ಮಳೆ ಹಿಡಿದರೆ ಎಲ್ಲಿ ಮರ ಬಿತ್ತು, ಎಲ್ಲಿ ಲೈನ್ ಹೋಯಿತು ಹೇಳಲಾಗದು. ಹಾಡಿನ ಮಧ್ಯೆ ಕರೆಂಟ್ ಹೋಗುತ್ತದೆ, ಜನರೇಟರ್ ಶುರುವಾಗಿ ಮತ್ತೆ ಬರುತ್ತದೆ. ಆ ಗಡಿಬಿಡಿಯಲ್ಲಿ ನುಡಿಸುವವರ ಕಾಲು ಪೆಡಲಿನ ಮೇಲೇ ಒತ್ತಿಕೊಂಡು ಇರುತ್ತದೆ. ಕೀಬೋರ್ಡ್ ಮತ್ತೆ ಎದ್ದು ಕಣ್ಣು ಬಿಟ್ಟಾಗ ಒತ್ತಿದ್ದನ್ನೇ ಒತ್ತದ ಸ್ಥಿತಿ ಅಂತ ತಿಳಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಪೂರ್ತಿ ಉಲ್ಟಾ. ಸೌಂಡ್‌ನವರು ವಯರ್ ಅಲ್ಲಾಡಿಸುತ್ತಾರೆ, ಯಾರೋ ಪೆಡಲ್ ಕುಟ್ಟುತ್ತಾರೆ. ಮಾಡಬೇಕಾದದ್ದು ಇಷ್ಟೇ, ಕಾಲು ತೆಗೆದು, ಕೀಬೋರ್ಡ್ ಆಫ್ ಮಾಡಿ, ಮತ್ತೆ ಆನ್ ಮಾಡುವುದು. ಕರೆಂಟ್ ಹೋದ ತಕ್ಷಣ ಕಾಲು ಹಿಂದೆ ಎಳೆದುಕೊಳ್ಳುವ ಅಭ್ಯಾಸವನ್ನು ಮಕ್ಕಳಿಗೆ ಈಗಲೇ ಮಾಡಿಸಿ. ಕೀಬೋರ್ಡಿಗೆ ಒಂದು ಚಿಕ್ಕ ಯುಪಿಎಸ್ ಇದ್ದರೆ ಈ ಪ್ರಶ್ನೆಯೇ ಬರುವುದಿಲ್ಲ.

ಒಬ್ಬ ಅಣ್ಣ ಇಲ್ಲಿ ಕೇಳಿದರು, ಮನೆಯಲ್ಲಿ ಹಳೆಯ ಪೆಡಲ್ ಒಂದು ಬಿದ್ದಿದೆ, ಯಾವ ಜಾತಿ ಅಂತ ಹೇಗೆ ಗೊತ್ತಾಗುತ್ತದೆ ಅಂತ. ಮಲ್ಟಿಮೀಟರ್ ಇದ್ದರೆ ಅರ್ಧ ನಿಮಿಷದ ಕೆಲಸ. ಬೀಪ್ ಅನ್ನುವ ಕಂಟಿನ್ಯುಟಿಗೆ ಇಟ್ಟು, ಒಂದು ಕಡ್ಡಿಯನ್ನು ಪಿನ್ನಿನ ತುದಿಗೆ, ಇನ್ನೊಂದನ್ನು ಬುಡದ ಲೋಹಕ್ಕೆ ಮುಟ್ಟಿಸಿ. ಕಾಲು ಇಡದೆಯೇ ಬೀಪ್ ಬಂದು ಒತ್ತಿದಾಗ ನಿಂತರೆ ಮೊದಲ ಜಾತಿ. ಒತ್ತಿದಾಗ ಮಾತ್ರ ಬೀಪ್ ಬಂದರೆ ಎರಡನೆಯದು. ಒಮ್ಮೆ ಒತ್ತಿ ಕಾಲು ತೆಗೆದ ಮೇಲೂ ಬೀಪ್ ಹಾಗೇ ಮುಂದುವರಿದು, ಇನ್ನೊಮ್ಮೆ ಒತ್ತಿದಾಗ ನಿಂತರೆ ಅದು ಗಿಟಾರ್ ಆಂಪ್ಲಿಫೈಯರಿನ ಸ್ವಿಚ್. ಸಸ್ಟೇನಿಗೆ ಅದು ಬೇಡ. ಪಿನ್ ಕೂರುತ್ತದೆ, ನೋಡಲಿಕ್ಕೂ ಹಾಗೇ ಇರುತ್ತದೆ, ಆದರೆ ಕಾಲು ಎತ್ತಿದಾಗ ನಾದ ನಿಲ್ಲುವುದಿಲ್ಲ.

ಈಗ ಪೆಡಲ್ ನಿಜವಾಗಿ ಏನು ಮಾಡುತ್ತದೆ ಅನ್ನುವುದನ್ನು ನೋಡೋಣ, ಯಾಕೆಂದರೆ ಹಾಫ್ ಪೆಡಲಿಗೆ ದುಡ್ಡು ಹಾಕಬೇಕಾ ಬೇಡವಾ ಅನ್ನುವುದು ಇದರ ಮೇಲೆ ನಿಂತಿದೆ.

ನಿಜವಾದ ಪಿಯಾನೋದಲ್ಲಿ, ತೀರಾ ಮೇಲಿನ ಕೆಲವು ಸ್ವರಗಳನ್ನು ಬಿಟ್ಟು, ಪ್ರತಿ ಸ್ವರದ ತಂತಿಗಳ ಮೇಲೂ ಉಣ್ಣೆಯ ಒಂದು ದಿಂಡು ಕೂತಿರುತ್ತದೆ, ಅದೇ ಡ್ಯಾಂಪರ್. ಕೀ ಒತ್ತಿದಾಗ ಅದು ಏಳುತ್ತದೆ, ಬಿಟ್ಟಾಗ ಕೂತು ನಾದವನ್ನು ನಿಲ್ಲಿಸುತ್ತದೆ. ಬಲಗಡೆಯ ಪೆಡಲ್ ಒತ್ತಿದರೆ ಎಲ್ಲ ಡ್ಯಾಂಪರುಗಳೂ ಒಟ್ಟಿಗೆ ಏಳುತ್ತವೆ. ಆಗ ನುಡಿಸಿದ ತಂತಿ ಮಾತ್ರ ಅಲ್ಲ, ನುಡಿಸದ ತಂತಿಗಳೂ ಸಣ್ಣದಾಗಿ ಮಿಡಿಯುತ್ತವೆ. ಮೊದಮೊದಲು ಇದನ್ನು ಕೈಯಿಂದ ಎಳೆಯಬೇಕಿತ್ತು, ಆಮೇಲೆ ಮೊಣಕಾಲಿನಿಂದ ಒತ್ತುವ ಸನ್ನೆ ಬಂತು. ಇಂಗ್ಲೆಂಡಿನ ಜಾನ್ ಬ್ರಾಡ್‌ವುಡ್ ಪಿಯಾನೋ ಪೆಡಲಿಗೆ ಪೇಟೆಂಟ್ ತಗೊಂಡದ್ದು 1783ರಲ್ಲಿ. ಕಾಲಿಗೆ ಕೊಟ್ಟ ಮೇಲೆ ಎರಡು ಕೈಯೂ ಬಿಡುವಾಗಿ ನುಡಿಸುವ ರೀತಿಯೇ ಬದಲಾಯಿತು.

ಪಿಯಾನೋದವರು ಪೆಡಲನ್ನು ಯಾವಾಗಲೂ ಪೂರ್ತಿ ಒತ್ತುವುದಿಲ್ಲ. ಅರ್ಧ ಒತ್ತುತ್ತಾರೆ, ಕಾಲು ಭಾಗ ಒತ್ತುತ್ತಾರೆ, ಡ್ಯಾಂಪರ್ ತಂತಿಗೆ ಮುಟ್ಟಿಯೂ ಮುಟ್ಟದ ಹಾಗೆ ಹಿಡಿಯುತ್ತಾರೆ. ಆಗ ನಾದ ಪೂರ್ತಿ ನಿಲ್ಲದೆ ಸ್ವಲ್ಪ ತಿಳಿಯಾಗುತ್ತದೆ. ಹಾಫ್ ಪೆಡಲ್ ಅನ್ನುವುದು ಇದನ್ನೇ. ಒಳಗಡೆ ಕೀಬೋರ್ಡಿನ ಭಾಷೆಯಲ್ಲಿ, ಅಂದರೆ 1983ರಲ್ಲಿ ಬಂದ ಮಿಡಿಯಲ್ಲಿ, ಸಸ್ಟೇನ್ ಪೆಡಲಿನ ನಂಬರ್ 64. ಅದು ಕಳಿಸುವ ಅಂಕಿ 0ಯಿಂದ 127ರವರೆಗೆ. ಸ್ವಿಚ್ ಪೆಡಲ್ 0 ಅಥವಾ 127 ಅಂತ ಎರಡೇ ಮಾತು ಹೇಳುತ್ತದೆ. ಹಾಫ್ ಪೆಡಲ್ ನಡುವಿನ ಎಲ್ಲ ಅಂಕಿಗಳನ್ನೂ ಹೇಳುತ್ತದೆ. ಆದರೆ ಕೇಳುವ ಕೀಬೋರ್ಡಿಗೆ ಅರ್ಥವಾಗುವುದು ಆನ್ ಮತ್ತು ಆಫ್ ಮಾತ್ರ ಅಂದರೆ, 63ರವರೆಗೆ ಆಫ್, 64ರಿಂದ ಮೇಲೆ ಆನ್ ಅಂತ ತಗೊಳ್ಳುತ್ತದೆ. ಮುಗಿಯಿತು.

ಹಾಗಾಗಿ ನಿಮ್ಮದು ಕಲಿಯುವ ಮಕ್ಕಳ 61 ಕೀ ಕೀಬೋರ್ಡ್ ಆಗಿದ್ದರೆ ಹಾಫ್ ಪೆಡಲಿಗೆ ದುಡ್ಡು ಹಾಕಬೇಡಿ. ಕೆಲವು ಸಲ ಅದು ಸ್ವಿಚ್ ಜ್ಯಾಕಿನಲ್ಲಿ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ನಿಮ್ಮದು 88 ಕೀಯ ಡಿಜಿಟಲ್ ಪಿಯಾನೋ ಆಗಿದ್ದು, ಮ್ಯಾನ್ಯುಯಲಿನಲ್ಲಿ ಹಾಫ್ ಪೆಡಲ್ ಅಂತ ಬರೆದಿದ್ದರೆ ಖಂಡಿತ ತಗೊಳ್ಳಿ. ಯಮಹಾದಲ್ಲಿ ಎಫ್‌ಸಿ-3ಎ, ಕೋರ್ಗ್‌ನಲ್ಲಿ ಡಿಎಸ್-1ಎಚ್, ರೋಲ್ಯಾಂಡಿನಲ್ಲಿ ಡಿಪಿ-10. ಡಿಪಿ-10ರಲ್ಲಿ ಒಂದು ಗುಂಡಿ ಇದೆ, ಸ್ವಿಚ್ ಥರವೂ ಇಡಬಹುದು, ಹಾಫ್ ಥರವೂ ಇಡಬಹುದು. ಪರೀಕ್ಷೆಗೆ ಕೂರುವ, ಪಾಶ್ಚಾತ್ಯ ಪಿಯಾನೋ ಕಲಿಯುವ ಮಕ್ಕಳಿಗೆ ಇದು ಬೇಕೇ ಬೇಕು. ಬರೀ ಸ್ವಿಚ್ಚಿನಲ್ಲಿ ಕಲಿತ ಕಾಲು ಪರೀಕ್ಷೆಯ ದಿನ ನಿಜವಾದ ಪಿಯಾನೋದ ಮುಂದೆ ಕೂತಾಗ ತಬ್ಬಿಬ್ಬಾಗುತ್ತದೆ.

ಹಾಫ್ ಪೆಡಲ್ ಬೇಡ ಅಂದ ಮಾತ್ರಕ್ಕೆ ಯಾವುದಾದರೂ ನಡೆಯುತ್ತದೆ ಅಂತ ಅಲ್ಲ. ಸ್ವಿಚ್ ಪೆಡಲಿನಲ್ಲೂ ಎರಡು ಆಕಾರ ಇದೆ. ಒಂದು ಚಪ್ಪಟೆ ಡಬ್ಬಿ, ಕ್ಯಾಸಿಯೊದ ಎಸ್‌ಪಿ-3, ಯಮಹಾದ ಎಫ್‌ಸಿ-5 ಥರದ್ದು. ಇನ್ನೊಂದು ಪಿಯಾನೋ ಪೆಡಲ್ ಥರ ಉದ್ದ ಲೋಹದ ನಾಲಿಗೆ ಇರುವುದು. ನನ್ನ ಅಭಿಪ್ರಾಯ ಕೇಳಿದರೆ, ಆಗುವುದಾದರೆ ಎರಡನೆಯದನ್ನೇ ತಗೊಳ್ಳಿ. ಡಬ್ಬಿಗೆ ತೂಕ ಇಲ್ಲ, ಒತ್ತುವ ಆಳವೂ ಇಲ್ಲ. ಕಾಲಿಗೆ ಎಲ್ಲಿ ನಾದ ಹಿಡಿಯಿತು, ಎಲ್ಲಿ ಬಿಟ್ಟಿತು ಅಂತ ಗೊತ್ತೇ ಆಗುವುದಿಲ್ಲ. ಲೋಹದ ನಾಲಿಗೆಯಲ್ಲಿ ಸ್ಪ್ರಿಂಗಿನ ಬಿಗಿ ಇರುತ್ತದೆ, ಹಿಮ್ಮಡಿ ನೆಲದಲ್ಲೇ ಇಟ್ಟು ಮುಂಗಾಲಿನಿಂದ ಒತ್ತಲು ಬರುತ್ತದೆ. ಡಬ್ಬಿ ಥರದ್ದರಲ್ಲಿ ಮಕ್ಕಳು ಇಡೀ ಕಾಲು ಎತ್ತಿ ತುಳಿಯುತ್ತಾರೆ, ಆ ಅಭ್ಯಾಸ ಆಮೇಲೆ ಬಿಡಿಸುವುದು ಕಷ್ಟ.

ಹಿಮ್ಮಡಿ ನೆಲದಲ್ಲಿ ಅಂದೆ. ನಮ್ಮ ಕಡೆಯ ಹಳೆಯ ಮನೆಗಳ ನೆಲ ನೋಡಿದ್ದೀರಲ್ಲ, ಉಜ್ಜಿ ಉಜ್ಜಿ ಹೊಳೆಯುವ ಕೆಂಪು ರೆಡ್ ಆಕ್ಸೈಡ್. ಅದರ ಮೇಲೆ ಯಾವ ಪೆಡಲೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಆಗ ಇನ್ನೂ ಜಾಸ್ತಿ. ಡಿಪಿ-10ರ ಕೆಳಗೆ ಹಿಂದಕ್ಕೆ ಚಾಚಿಕೊಂಡ ಒಂದು ರಬ್ಬರ್ ಹಾಳೆ ಇರುತ್ತದೆ. ನಿಮ್ಮ ಹಿಮ್ಮಡಿ ಅದರ ಮೇಲೆ ಕೂರುತ್ತದೆ, ಆದ್ದರಿಂದ ನಿಮ್ಮ ತೂಕವೇ ಪೆಡಲನ್ನು ಹಿಡಿದುಕೊಳ್ಳುತ್ತದೆ. ಒಳ್ಳೆಯ ಉಪಾಯ ಅದು, ಯಾವ ಪೆಡಲಿಗೂ ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದೂವರೆ ಅಡಿ ಉದ್ದದ ಪ್ಲೈವುಡ್ ತುಂಡು ತಗೊಂಡು, ಕೆಳಗಡೆ ರಬ್ಬರ್ ಮ್ಯಾಟ್ ಅಂಟಿಸಿ, ಮೇಲ್ಗಡೆ ಮುಂದಿನ ತುದಿಗೆ ಪೆಡಲನ್ನು ವೆಲ್‌ಕ್ರೋದಿಂದ ಕೂರಿಸಿ. ಹಿಂದಿನ ಅರ್ಧದಲ್ಲಿ ಹಿಮ್ಮಡಿ ಇಟ್ಟುಕೊಳ್ಳಿ. ಇದು ಮನೆಗೂ ಆಯಿತು, ಸ್ಟೇಜಿಗೂ ಆಯಿತು.

ಒತ್ತುವ ಸಮಯದ ಬಗ್ಗೆ ಒಂದು ಮಾತು. ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಬದಲಾಗುವಾಗ ಕೈ ಮತ್ತು ಕಾಲು ಒಟ್ಟಿಗೆ ಕೆಳಗೆ ಹೋಗಬಾರದು. ಹೊಸ ಕಾರ್ಡಿಗೆ ಕೈ ಇಳಿಯುವಾಗ ಕಾಲು ಏಳಬೇಕು, ಹಳೆಯ ನಾದ ತೊಳೆದು ಹೋದ ತಕ್ಷಣ ಕಾಲು ಮತ್ತೆ ಇಳಿಯಬೇಕು. ಅಂದರೆ ಕಾಲು ಕೈಗಿಂತ ಒಂದು ಚೂರು ಹಿಂದೆ. ಚರ್ಚಿನಲ್ಲಿ ನುಡಿಸುವವರಿಗೆ ಇದು ಇನ್ನೂ ಮುಖ್ಯ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಂಥ ಎತ್ತರದ ಕಟ್ಟಡಗಳಲ್ಲಿ ಗೋಡೆಗಳೇ ನಾದವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಲ್ಲಿ ಮನೆಯಲ್ಲಿ ಒತ್ತಿದಷ್ಟು ಒತ್ತಿದರೆ ಹಾಡುವವರಿಗೆ ಶ್ರುತಿಯೇ ಸಿಗುವುದಿಲ್ಲ. ಇನ್ನೊಂದು, ಚಿಕ್ಕ ಕೀಬೋರ್ಡುಗಳಲ್ಲಿ ಒಟ್ಟಿಗೆ ನುಡಿಯುವ ಸ್ವರಗಳಿಗೆ ಮಿತಿ ಇದೆ, 32 ಅಥವಾ 48 ಅಂತ. ಪೆಡಲ್ ಒತ್ತಿಕೊಂಡೇ ಇದ್ದು ರಿದಮ್ಮೂ ಓಡುತ್ತಿದ್ದರೆ ಆ ಮಿತಿ ಬೇಗ ತುಂಬಿ ಹಳೆಯ ಸ್ವರಗಳು ಪಟ್ಟಂತ ಕತ್ತರಿಸಿ ಹೋಗುತ್ತವೆ. ಕೀಬೋರ್ಡ್ ಕೆಟ್ಟಿತು ಅಂತ ಅಂದುಕೊಳ್ಳಬೇಡಿ.

ಕರ್ನಾಟಕ ಸಂಗೀತ ಕಲಿಯುವ ಮಕ್ಕಳ ತಂದೆತಾಯಿಯರೂ ಇದ್ದೀರಿ. ನಿಮಗೆ ನಾನು ನೇರವಾಗಿ ಹೇಳುತ್ತೇನೆ, ಸಸ್ಟೇನ್ ಪೆಡಲ್ ಸದ್ಯಕ್ಕೆ ಬೇಡ. ಮೊದಲ ಪಾಠವಾದ ಸರಳೆ ವರಸೆ ಮಾಯಾಮಾಳವಗೌಳ ರಾಗದಲ್ಲಿ ಅಲ್ವಾ. ಅದರಲ್ಲಿ ಸ ಮತ್ತು ರಿ ಪಕ್ಕಪಕ್ಕದ ಕೀ. ಗ ಮತ್ತು ಮ ಪಕ್ಕಪಕ್ಕ, ಪ ಮತ್ತು ದ ಪಕ್ಕಪಕ್ಕ, ನಿ ಮತ್ತು ಮೇಲಿನ ಸ ಪಕ್ಕಪಕ್ಕ. ಪೆಡಲ್ ಒತ್ತಿ ಆರೋಹಣ ನುಡಿಸಿದರೆ ನಾಲ್ಕು ಕಡೆ ಸ್ವರಕ್ಕೆ ಸ್ವರ ತಿಕ್ಕುತ್ತದೆ, ಮಗುವಿನ ಕಿವಿಗೆ ಯಾವ ಸ್ವರವೂ ಶುದ್ಧವಾಗಿ ಬೀಳುವುದಿಲ್ಲ. ಮೋಹನ ರಾಗದಲ್ಲಿ ಹೀಗೆ ಅಂಟಿಕೊಂಡ ಸ್ವರಗಳಿಲ್ಲ, ಅಲ್ಲಿ ಪೆಡಲ್ ಅಷ್ಟು ಕೆಡಿಸುವುದಿಲ್ಲ. ಆದರೂ ರಾಗದ ಗೆರೆ ತಿಳಿಯಬೇಕಾದರೆ ಒಂದು ಸ್ವರ ಮುಗಿದು ಇನ್ನೊಂದು ಶುರುವಾಗುವುದು ಕೇಳಿಸಬೇಕು. ರಾಗ ನುಡಿಸುವವರಿಗೆ ಕಾಲಿನಿಂದ ಸಿಗಬೇಕಾದ ಸಹಾಯ ಬೇರೆ ಇದೆ. ಅದು ಎಕ್ಸ್‌ಪ್ರೆಷನ್ ಪೆಡಲ್.

ಭಜನೆಗೆ ಹಾರ್ಮೋನಿಯಂ ಟೋನ್ ಇಟ್ಟು ಕೀಬೋರ್ಡ್ ನುಡಿಸುವುದನ್ನು ಕೇಳಿದ್ದೀರಿ. ಏನೋ ಒಂದು ಕೊರತೆ ಅನಿಸುತ್ತದೆ. ಹಾರ್ಮೋನಿಯಂನಲ್ಲಿ ಎಡಗೈ ತಿದಿಯನ್ನು ಒತ್ತುತ್ತಾ ನಾದವನ್ನು ಉಬ್ಬಿಸುತ್ತದೆ, ಇಳಿಸುತ್ತದೆ. ಸಾಲಿನ ಕೊನೆಯಲ್ಲಿ ಗಾಳಿ ಕಡಿಮೆ ಮಾಡಿದಾಗ ಸ್ವರ ಮೆಲ್ಲಗೆ ಕರಗುತ್ತದೆ. ಕೀಬೋರ್ಡಿನ ಹಾರ್ಮೋನಿಯಂ ಟೋನ್ ಕೀ ಒತ್ತಿದಷ್ಟು ಹೊತ್ತೂ ಒಂದೇ ಮಟ್ಟದಲ್ಲಿ ಕೂಗುತ್ತದೆ. ಎಕ್ಸ್‌ಪ್ರೆಷನ್ ಪೆಡಲ್ ಇದ್ದರೆ ತಿದಿಯ ಕೆಲಸ ಕಾಲಿಗೆ ಬರುತ್ತದೆ. ಮುಂದಕ್ಕೆ ಒತ್ತಿದರೆ ಉಬ್ಬುತ್ತದೆ, ಹಿಮ್ಮಡಿಯ ಕಡೆ ತಂದರೆ ಇಳಿಯುತ್ತದೆ. ವಯೊಲಿನ್, ಕೊಳಲು, ಆರ್ಗನ್, ಎಳೆದು ನಿಲ್ಲುವ ಯಾವ ಟೋನಿಗಾದರೂ ಅಷ್ಟೇ. ಅಲ್ಲಿ ಸಸ್ಟೇನ್ ಒತ್ತಿದರೆ ಸ್ವರಗಳು ನಿಲ್ಲದೆ ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ. ನಾನು ತುಂಬ ಪ್ರೀತಿಯಿಂದ ಶಿಫಾರಸು ಮಾಡುವ ಪೆಡಲ್ ಇದು, ಮತ್ತು ನಮ್ಮ ಕಡೆ ಕೀಬೋರ್ಡ್ ನುಡಿಸುವವರು ಬಹಳ ಜನ ಇದನ್ನು ಮುಟ್ಟಿಯೇ ನೋಡಿಲ್ಲ.

ಆದರೆ ಮತ್ತೆ ಅದೇ, ಬೆನ್ನು ನೋಡಿ. ಎಕ್ಸ್‌ಪ್ರೆಷನ್ ಪೆಡಲ್ ಓದುವ ಜ್ಯಾಕ್ ಚಿಕ್ಕ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ ಕಂಪನಿ ಕಂಪನಿಗೆ ವ್ಯತ್ಯಾಸ. ಈ ಪೆಡಲಿನ ಒಳಗೆ ಇರುವುದು ರೇಡಿಯೋದ ವಾಲ್ಯೂಮ್ ತಿರುಗಿಸುವ ಗುಂಡಿಯಲ್ಲಿ ಇರುವಂಥದ್ದೇ ಒಂದು ಪೊಟೆನ್ಷಿಯೋಮೀಟರ್, ಅದರ ಮೂರು ಕಾಲುಗಳಲ್ಲಿ ಯಾವುದು ಪಿನ್ನಿನ ತುದಿಗೆ, ಯಾವುದು ನಡುವಿನ ಉಂಗುರಕ್ಕೆ ಅನ್ನುವುದರಲ್ಲಿ ಎರಡು ಪದ್ಧತಿ ಇದೆ. ತಪ್ಪಾಗಿ ಜೋಡಿಯಾದರೆ ಇಡೀ ಏರಿಳಿತ ಒಂದು ತುದಿಯ ಸ್ವಲ್ಪ ಜಾಗದಲ್ಲೇ ಮುಗಿದು ಹೋಗಬಹುದು. ಎಂ-ಆಡಿಯೋದ ಇಎಕ್ಸ್-ಪಿಯಲ್ಲಿ ಇದನ್ನು ಬದಲಾಯಿಸುವ ಸ್ವಿಚ್ ಇದೆ. ರೋಲ್ಯಾಂಡಿನ ಇವಿ-5ರ ಪಕ್ಕದಲ್ಲಿ ಒಂದು ಚಿಕ್ಕ ಗಾಲಿ ಇದೆ, ಪೂರ್ತಿ ಹಿಂದೆ ತಂದಾಗಲೂ ಸದ್ದು ಎಷ್ಟು ಉಳಿಯಬೇಕು ಅಂತ ಅದರಲ್ಲಿ ಇಡಬಹುದು. ಭಜನೆಯಲ್ಲಿ ನುಡಿಸುವವರು ಅದನ್ನು ಸೊನ್ನೆಗೆ ಇಡಬೇಡಿ, ಸ್ವಲ್ಪ ಮೇಲೆ ಇಡಿ. ಕಾಲು ಜಾರಿದಾಗ ಹಾಡುವವರಿಗೆ ಆಧಾರವೇ ಇಲ್ಲದಂತಾಗುವುದು ತಪ್ಪುತ್ತದೆ.

ವಾಲ್ಯೂಮ್ ಪೆಡಲ್ ಬೇರೆ, ಎಕ್ಸ್‌ಪ್ರೆಷನ್ ಪೆಡಲ್ ಬೇರೆ. ನೋಡಲು ಅಣ್ಣ ತಮ್ಮಂದಿರ ಥರ ಇರುತ್ತವೆ, ಅಂಗಡಿಯವರೂ ಗೊಂದಲ ಮಾಡಿಕೊಳ್ಳುತ್ತಾರೆ. ಎಕ್ಸ್‌ಪ್ರೆಷನ್ ಪೆಡಲಿನ ಒಳಗೆ ಹಾಡಿನ ಸದ್ದು ಹೋಗುವುದೇ ಇಲ್ಲ, ಅದು ಕೀಬೋರ್ಡಿಗೆ ಅಂಕಿ ಕಳಿಸುತ್ತದೆ ಅಷ್ಟೇ. ವಾಲ್ಯೂಮ್ ಪೆಡಲಿನಲ್ಲಿ ಸದ್ದೇ ಹರಿಯುತ್ತದೆ. ಕೀಬೋರ್ಡಿನ ಔಟ್‌ಪುಟ್‌ನಿಂದ ಪೆಡಲಿಗೆ, ಪೆಡಲಿನಿಂದ ಮಿಕ್ಸರಿಗೆ. ನಿಮ್ಮ ಕೀಬೋರ್ಡಿನಲ್ಲಿ ಎಕ್ಸ್‌ಪ್ರೆಷನ್ ಜ್ಯಾಕ್ ಇಲ್ಲದೆ ಲೈನ್ ಔಟ್ ಇದ್ದರೆ, ಇದೇ ನಿಮ್ಮ ದಾರಿ. ಆದರೆ ಗಿಟಾರಿಗೆ ಮಾಡಿದ್ದು ತಗೊಳ್ಳಬೇಡಿ, ಕೀಬೋರ್ಡಿಗೆ ಅದು ಸಮವಾಗಿ ಏರಿಳಿಯುವುದಿಲ್ಲ. ಬಾಸ್ ಕಂಪನಿಯ ಎಫ್‌ವಿ-500ರಲ್ಲಿ ‘ಎಲ್’ ಅಂತ ಇರುವುದು ಕೀಬೋರ್ಡಿಗೆ, ‘ಎಚ್’ ಅಂತ ಇರುವುದು ಗಿಟಾರಿಗೆ. ಒಂದು ಅಕ್ಷರದ ವ್ಯತ್ಯಾಸ, ಬಿಲ್ ಮಾಡಿಸುವಾಗ ಡಬ್ಬದ ಮೇಲೆ ನೋಡಿಕೊಳ್ಳಿ.

ಆರ್ಕೆಸ್ಟ್ರಾದವರಿಗೆ ಇನ್ನೊಂದು ಉಪಯೋಗ ಇದೆ. ರಿದಮ್ ಸ್ಟೈಲ್ ಇರುವ ಕೀಬೋರ್ಡುಗಳಲ್ಲಿ ಬಹಳಷ್ಟರಲ್ಲಿ ಪೆಡಲಿಗೆ ಬೇರೆ ಕೆಲಸ ಒಪ್ಪಿಸಬಹುದು. ಸ್ಟಾರ್ಟ್-ಸ್ಟಾಪ್, ಫಿಲ್ (ನಡುವೆ ಬರುವ ಚಿಕ್ಕ ತಾಳದ ತುಣುಕು), ಅಥವಾ ಮುಂದಿನ ಟೋನಿಗೆ ಹೋಗುವುದು. ಮದುವೆ ಮನೆಯಲ್ಲಿ ವಾಲಗ ಮುಗಿದು ರಾತ್ರಿ ಹಾಡು ಶುರುವಾದ ಮೇಲೆ ಕುಣಿಯುವವರ ಹುಮ್ಮಸ್ಸು ನೋಡಿ ರಿದಮ್ಮನ್ನು ಇದ್ದಕ್ಕಿದ್ದಂತೆ ನಿಲ್ಲಿಸಿ ಮತ್ತೆ ಎತ್ತಬೇಕಾಗುತ್ತದೆ. ಕೈ ಎರಡೂ ಕೀ ಮೇಲೆ ಇರುವಾಗ ಗುಂಡಿ ಹುಡುಕುವುದಕ್ಕಿಂತ ಕಾಲಿನಿಂದ ಒತ್ತುವುದು ಎಷ್ಟೋ ಸಲೀಸು. ಇದಕ್ಕೆ ಚಪ್ಪಟೆ ಡಬ್ಬಿ ಪೆಡಲ್ಲೇ ಒಳ್ಳೆಯದು, ಇಲ್ಲಿ ಆಳ ಬೇಕಿಲ್ಲ, ಟಕ್ ಅಂತ ಒತ್ತಿ ಬಿಡುವುದು ಮಾತ್ರ.

ಸ್ಟೇಜಿನಲ್ಲಿ ಪೆಡಲಿಗಿಂತ ಮೊದಲು ಕೆಡುವುದು ಜ್ಯಾಕ್. ಯಾರೋ ವಯರ್ ತುಳಿಯುತ್ತಾರೆ, ಎಳೆತ ನೇರವಾಗಿ ಒಳಗಿನ ಬೋರ್ಡಿನ ಬೆಸುಗೆಗೆ ಬೀಳುತ್ತದೆ. ವಯರನ್ನು ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಸುತ್ತಿ ಆಮೇಲೆ ಪಿನ್ ಹಾಕಿ. ಎಳೆತ ಸ್ಟ್ಯಾಂಡಿಗೆ ಹೋಗುತ್ತದೆ. ಇಷ್ಟು ಮಾಡಿದರೆ ರಿಪೇರಿಯ ಅರ್ಧ ಖರ್ಚು ತಪ್ಪುತ್ತದೆ.

ಒಬ್ಬ ಅಕ್ಕ ಕೇಳಿದರು, ಮಗಳಿಗೆ ಮೂರು ಪೆಡಲ್ ಇರುವ ಸೆಟ್ ತಗೊಂಡರೆ ಹೇಗೆ ಅಂತ. ಬಲಗಡೆಯದು ಸಸ್ಟೇನ್. ಎಡಗಡೆಯದು ಸಾಫ್ಟ್, ನಾದವನ್ನು ಮೆದು ಮಾಡುವುದು. ನಡುವಿನದು ಸೊಸ್ಟೆನೂಟೊ, ಒತ್ತುವ ಹೊತ್ತಿಗೆ ಕೈ ಕೆಳಗಿದ್ದ ಸ್ವರಗಳನ್ನು ಮಾತ್ರ ಹಿಡಿದಿಟ್ಟು ಆಮೇಲಿನವನ್ನು ಬಿಡುವುದು. ಮೊದಲ ಕೆಲವು ವರ್ಷ ಬಲಗಡೆಯದು ಬಿಟ್ಟು ಬೇರೆ ಬೇಕಾಗುವುದು ಕಡಿಮೆ. ಮತ್ತೆ ಈ ಸೆಟ್ಟುಗಳು ಸಿಕ್ಕಸಿಕ್ಕ ಕೀಬೋರ್ಡಿಗೆ ಹೊಂದುವುದಿಲ್ಲ. ಕ್ಯಾಸಿಯೊದ ಎಸ್‌ಪಿ-34, ಯಮಹಾದ ಎಲ್‌ಪಿ-1 ಎರಡಕ್ಕೂ ಅವುಗಳದೇ ಬೇರೆ ಕನೆಕ್ಟರ್ ಇದೆ, ಕೆಲವೇ ಮಾಡೆಲಿಗೆ ಕೂರುತ್ತವೆ. ಮಗಳು ಪಿಯಾನೋ ಪರೀಕ್ಷೆಗಳಲ್ಲಿ ಮೇಲಿನ ಹಂತಕ್ಕೆ ಬಂದಾಗ ನೋಡಿ.

ಇನ್ನೊಬ್ಬರ ಪ್ರಶ್ನೆ, ಮಗುವಿನ ಕಾಲು ನೆಲಕ್ಕೇ ಮುಟ್ಟುವುದಿಲ್ಲ, ಪೆಡಲ್ ಕೊಡಿಸಬಹುದಾ. ಪೆಡಲ್ ಸಲುವಾಗಿ ಮಗುವನ್ನು ಕುರ್ಚಿಯ ತುದಿಗೆ ಜಾರಿಸಿ ಕೂರಿಸಬೇಡಿ, ಬೆನ್ನು ಕೈ ಎರಡೂ ಕೆಡುತ್ತವೆ. ಮೊದಲು ಕೈಗೆ ತಕ್ಕ ಎತ್ತರದಲ್ಲಿ ಕೂರಿಸಿ. ಆಮೇಲೆ ಕಾಲಿನ ಕೆಳಗೆ ಅಲ್ಲಾಡದ ಒಂದು ಮರದ ಮಣೆಯೋ ಪೆಟ್ಟಿಗೆಯೋ ಇಟ್ಟು ಅದರ ಮೇಲೆ ಪೆಡಲ್ ಕೂರಿಸಿ. ಹಿಮ್ಮಡಿಗೂ ಅದೇ ಮಣೆಯ ಮೇಲೆ ಜಾಗ ಇರಬೇಕು.

ಕೊನೆಗೆ ಮಳೆ. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ, ನೆಲದ ಮೇಲೇ ಬಿದ್ದಿರುವ ಪೆಡಲನ್ನು ಬಿಡುತ್ತದಾ? ಸ್ವಿಚ್ಚಿನ ಒಳಗಿನ ಲೋಹ ಕಪ್ಪಾಗಿ ನಾದ ಆಗಾಗ ಹಿಡಿಯುವುದಿಲ್ಲ. ಎಕ್ಸ್‌ಪ್ರೆಷನ್ ಪೆಡಲಿನಲ್ಲಿ ಸದ್ದು ಮೆಲ್ಲಗೆ ಏರುವ ಬದಲು ಹಾರಿ ಹಾರಿ ಏರುತ್ತದೆ. ಇರುವೆ, ಸಣ್ಣ ಹುಳುಗಳೂ ಒಳಗೆ ಸೇರುತ್ತವೆ. ಪಿನ್ ಮಂಕಾಗಿದ್ದರೆ ಒಣ ಬಟ್ಟೆಯಿಂದ ಉಜ್ಜಿ. ಒಳಗೆ ತೊಂದರೆ ಇದ್ದರೆ ತಳದ ಸ್ಕ್ರೂ ಬಿಚ್ಚಿ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಒಂದು ಸಲ ಹೊಡೆದು, ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟು ಮಾಡಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಬಾಗಿಲಿನ ಕೀಲಿಗೆ ಹಾಕುವ ಎಣ್ಣೆ, ತೆಂಗಿನೆಣ್ಣೆ ಇವೆಲ್ಲ ಬೇಡ, ಎಣ್ಣೆಗೆ ಧೂಳು ಅಂಟಿ ಇನ್ನೂ ಕೆಡುತ್ತದೆ. ನುಡಿಸಿದ ಮೇಲೆ ಪಿನ್ ತೆಗೆದು, ವಯರನ್ನು ಪೆಡಲಿಗೆ ಬಿಗಿಯಾಗಿ ಸುತ್ತದೆ ಸಡಿಲವಾಗಿ ಸುರುಳಿ ಮಾಡಿ, ಗಾಳಿಯಾಡದ ಡಬ್ಬದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣಗಳನ್ನು ಬಿಸಿಲು ಬಂದ ದಿನ ಒಣಗಿಸಿ ಮತ್ತೆ ಬಳಸಬಹುದು. ಜುಲೈಯಲ್ಲಿ ಬಿಸಿಲು ಕಾಯುವುದು ಬೇಡ, ಒಲೆಯ ಹತ್ತಿರ, ಬೆಂಕಿ ತಾಗದ ಬೆಚ್ಚಗಿನ ಜಾಗದಲ್ಲಿ ಇಟ್ಟರೂ ಒಣಗುತ್ತವೆ.

ಯಾರ ಹತ್ತಿರ ಯಾವ ಮಾಡೆಲ್ ಇದೆ ಹೇಳಿ, ಬೆನ್ನಿನ ಫೋಟೋ ಇದ್ದರೆ ತೋರಿಸಿ. ಇಲ್ಲೇ ಕೂತು ಒಂದೊಂದಾಗಿ ನೋಡೋಣ.